ಜೋಡುಪಾಲದಿಂದ ಗೋಫಾವರೆಗೆ

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಜೋಡಿ ಗುಂಡಿನ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಸಾವಿನ ಮನೆಯತ್ತ ಹೊರಡಬೇಕೆಂಬುದು ಹಳೆಯ ಕಟ್ಟುಪಾಡು. ಕೋವಿಯ ಸದ್ದು ಎಷ್ಟು ದೂರ ಮುಟ್ಟುತ್ತದೋ ಅಷ್ಟು ದೂರದವರಿಗೆಲ್ಲ ಆ ಸಾವಿನ ಹೊಣೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಗಳಲ್ಲಿ ಬೆಟ್ಟಗಳೇ ಜಾರಿ ಬಂದಾಗ ಈ ವ್ಯವಸ್ಥೆ ಕೆಲಸಕ್ಕೆ ಬರಲಿಲ್ಲ. ಸಾವು ಸಾರಬೇಕಾದವರೂ ಕೇಳಿ ಓಡಿ ಬರಬೇಕಾದವರೂ ಒಂದೇ ಗಂಜಿ ಕೇಂದ್ರದಲ್ಲಿ ಕುಳಿತಿದ್ದರು.

ಅದೇ ವಾರ ಕೇರಳ ಮುಳುಗಿತ್ತು. ದೇಶದ ಕ್ಯಾಮೆರಾಗಳೆಲ್ಲ ಆಲುವಾ, ಚೆಂಗನ್ನೂರುಗಳ ಕಡೆ ತಿರುಗಿದ್ದವು. ಅಲ್ಲಿ ಸತ್ತವರು ನಾನೂರಕ್ಕೂ ಹೆಚ್ಚು, ಕೊಡಗಿನಲ್ಲಿ ಇಪ್ಪತ್ತರ ಆಸುಪಾಸು. ‘ನಮ್ಮನ್ನು ಯಾರು ಕೇಳಿದರು?’ ಎಂಬ ಮಾತು ಆಗ ಮಡಿಕೇರಿಯಲ್ಲಿ ಹುಟ್ಟಿದ್ದು, ಮಳೆಗಾಲ ಬಂದಾಗಲೆಲ್ಲ ಇನ್ನೂ ಕೇಳಿಬರುತ್ತದೆ. ಕೊಡಗಿಗೆ ಟೀವಿ ತಿರುಗಿದ ದಿನವೂ ಹೆಚ್ಚು ಹೊತ್ತು ಓಡಿದ್ದು ಸಂತ್ರಸ್ತರ ಮಾತಲ್ಲ. ಕೇಂದ್ರ ಸಚಿವರಿಗೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ಸಮಯದ ವಿಚಾರದಲ್ಲಿ ನಡೆದ ಚಕಮಕಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ಕೇರಳದ್ದು ಮೂರು ಕೋಟಿ ಮೂವತ್ತು ಲಕ್ಷಕ್ಕೂ ಮೇಲೆ. ಲಕ್ಷ ಜನರಿಗೆ ಇಷ್ಟು ಸಾವು ಎಂದು ಭಾಗಿಸಿ ನೋಡಿದರೆ ಕೊಡಗಿಗೆ ಬಿದ್ದ ಪೆಟ್ಟು ಕೇರಳದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಈ ಭಾಗಾಕಾರದಿಂದ ಯಾರ ಕಣ್ಣೀರು ಒರೆಸಿದಂತಾಯಿತು? ‘ಅಲ್ಲಿ ನಾನೂರು ಜನ ಹೋಗಿದ್ದಾರೆ, ನಿಮ್ಮದೇನು’ ಎನ್ನುವವನೂ ‘ಶೇಕಡಾವಾರು ನೋಡಿ, ನಮ್ಮದೇ ಹೆಚ್ಚು’ ಎನ್ನುವವನೂ ಒಂದೇ ತಕ್ಕಡಿ ಹಿಡಿದು ನಿಂತವರು.

ಹತ್ತಿರದವರಿಗಾಗಿ ಮೊದಲು ಅಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಉತ್ತರ ಕನ್ನಡದ ಶಿರೂರನ್ನೇ ನೋಡಬಹುದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಆ ಊರಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿಯ ಸಂಸಾರವೇ ಮಣ್ಣುಪಾಲಾಯಿತು. ಕೇರಳ ಮಾತ್ರ ತನ್ನ ಒಬ್ಬ ಲಾರಿ ಚಾಲಕನಿಗಾಗಿ ಹಗಲಿರುಳು ಟೀವಿ ಮುಂದೆ ಕುಳಿತಿತ್ತು. ಕನ್ನಡದಲ್ಲಿ ಹಲವರು ಇದನ್ನು ಅತಿ ಎಂದರು. ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿ ಹೊಳೆಯ ನೀರು ಅಲೆಯಾಗಿ ಎದ್ದು ಮನೆಗಳನ್ನೇ ಕೊಚ್ಚಿದ್ದು ಆ ಗದ್ದಲದಲ್ಲಿ ಯಾರಿಗೂ ಕಾಣಲಿಲ್ಲ, ನಿಜ. ಆದರೂ ಒಂದು ಮಾತು ಒಪ್ಪಬೇಕು: ಕೇರಳದ ಆ ಹಟವಿಲ್ಲದಿದ್ದರೆ ಶೋಧ ಅಷ್ಟು ದಿನ ನಡೆಯುತ್ತಿತ್ತೇ? ಗೋವಾದಿಂದ ಡ್ರೆಜ್ಜರ್ ಬರುತ್ತಿತ್ತೇ? ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳು ಕಳೆದ ಮೇಲೆ. ಒಬ್ಬನಿಗಾಗಿ ಅತ್ತವರು ಉಳಿದವರ ಹುಡುಕಾಟವನ್ನೂ ಜೀವಂತ ಇಟ್ಟಿದ್ದರು.

ಶಿರೂರಿನ ಮಣ್ಣು ಇನ್ನೂ ತೆರವಾಗಿರಲಿಲ್ಲ, ಜುಲೈ 30ರ ನಡುರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗುಡ್ಡ ಕುಸಿತಕ್ಕೆ ಕೊಚ್ಚಿಹೋದವು. ಗಡಿಯ ಕುಟ್ಟ ದಾಟಿದರೆ ವಯನಾಡು. ಕೊಡಗಿಗೆ ಅದು ಪರರಾಜ್ಯ ಎನ್ನುವುದಕ್ಕಿಂತ ಪಕ್ಕದ ಮನೆ. ಸತ್ತವರಲ್ಲಿ ದುಡಿಯಲು ಹೋದ ಕನ್ನಡಿಗರೂ ಇದ್ದರು. ನಾಲ್ಕು ದಿನದೊಳಗೆ ಕರ್ನಾಟಕ ಸರ್ಕಾರ ನೂರು ಮನೆ ಕಟ್ಟಿಸಿಕೊಡುವುದಾಗಿ ಹೇಳಿತು. ಅಲ್ಲಿನ ಚಹಾ ತೋಟದ ‘ಪಾಡಿ’ಗಳಲ್ಲಿ ಇದ್ದವರಿಗೂ ಕೊಡಗಿನ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವವರಿಗೂ ಭಾಷೆ ಬಿಟ್ಟರೆ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರ ಹೆಸರಿನಲ್ಲೂ ಜಾಗದ ಪತ್ರವಿಲ್ಲ. ಐನ್‌ಮನೆ (ಕುಟುಂಬದ ಮೂಲಮನೆ), ತೋಟ ಕಳೆದುಕೊಂಡವರ ಸಂಕಟ 2018ರಲ್ಲಿ ಪತ್ರಿಕೆಗಳಲ್ಲಿ ಬಂದಷ್ಟು ಲೈನ್ ಮನೆಯವರ ಸಂಕಟ ಬರಲಿಲ್ಲ. ಕೇರಳದ ನೆರಳಲ್ಲಿ ಕೊಡಗು ಮರೆಯಾಯಿತು ಎಂದು ನೊಂದುಕೊಳ್ಳುವವರು ಕೊಡಗಿನೊಳಗೇ ಯಾರು ಯಾರ ನೆರಳಲ್ಲಿದ್ದರು ಎಂದೂ ಕೇಳಿಕೊಳ್ಳಬೇಕು.

ಇನ್ನು ದೂರದ ಜಗತ್ತಿನ ಮಾತು. ಕೊಡಗಿನ ಬೆಳೆಗಾರರಿಗೆ ಅದು ಅಪರಿಚಿತವೇನಲ್ಲ. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ ನೋಡದೆ ಅನೇಕರಿಗೆ ದಿನ ಶುರುವಾಗುವುದಿಲ್ಲ. ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಸುದ್ದಿ ಸಿದ್ದಾಪುರ, ಗೋಣಿಕೊಪ್ಪ ಸೇರಲು ಅರ್ಧ ದಿನ ಸಾಕು. ಆದರೆ ಅರೇಬಿಕಾ ಹುಟ್ಟಿದ ನಾಡಾದ ಇಥಿಯೋಪಿಯಾದಿಂದ, ವಯನಾಡಿನ ದುರಂತಕ್ಕೆ ಬರೀ ಎಂಟು ದಿನ ಮುಂಚೆ ಬಂದ ಸುದ್ದಿ ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ. 2024ರ ಜುಲೈ 22ರಂದು ಆ ದೇಶದ ದಕ್ಷಿಣದ ಗೋಫಾದಲ್ಲಿ, ಭಾರಿ ಮಳೆಯ ಬಳಿಕ, ಗುಡ್ಡ ಜಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಂದಿ ಮೊದಲ ಕುಸಿತಕ್ಕೆ ಸಿಕ್ಕವರಲ್ಲ. ಹೂತುಹೋದವರನ್ನು ಕೈಯಿಂದಲೇ ಅಗೆದು ತೆಗೆಯಲು ಓಡಿ ಬಂದ ನೆರೆಯವರು. ಅವರ ಮೇಲೆ ಎರಡನೆಯ ಸಲ ಮಣ್ಣು ಬಂತು. ವಯನಾಡಿನಲ್ಲೂ ಮೊದಲ ಕುಸಿತದ ಕೆಲವೇ ತಾಸಿನಲ್ಲಿ ಇನ್ನೊಂದಾಯಿತು.

ಹೆಸರು ಕೇಳದ ಊರಿಗಾಗಿ ಮಡಿಕೇರಿಯಲ್ಲಿ ಮೇಣದ ಬತ್ತಿ ಹಚ್ಚಬೇಕೆಂದೇನಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ದೇಶಕ್ಕೆ ಶ್ರದ್ಧಾಂಜಲಿ ಹಾಕಿದರೆ ಯಾರಿಗೂ ಲಾಭವಿಲ್ಲ. ದೂರದವರು ನಿಜವಾಗಿ ಅಳುವುದು ಜೊತೆಗೆ ಕೆಲಸ ಮಾಡಿದವರಿಗಾಗಿ. ಮಡಿಕೇರಿಯ ಜನರಲ್ ತಿಮ್ಮಯ್ಯ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ನಲ್ಲಿದ್ದಾಗ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದ ಆ ದ್ವೀಪ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾದ ಒಂದು ರಸ್ತೆಗೆ ಅವರ ಹೆಸರಿದೆ.

ಕೊಡಗಿನ ಶೋಕವೂ ಬರೀ ತೋರಿಕೆಯದಾಗಿರಲಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ ಪ್ರಕೃತಿ ವಿಕೋಪ, ಆಮೇಲೆ ಕೋವಿಡ್ ಎಂದು ನಾಲ್ಕು ವರ್ಷ ನಡೆಯದೆ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಯಿತು. ಅಷ್ಟರಲ್ಲಿ 2019ರಲ್ಲಿ ತೋರ ಗ್ರಾಮದ ಗುಡ್ಡ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದಿದ್ದವು. ಹಬ್ಬ ನಿಂತಿತ್ತು, ಗುಡ್ಡದ ಮೇಲೆ ಜೆಸಿಬಿ ನಿಲ್ಲಲಿಲ್ಲ. ರಸ್ತೆಗೆ, ಹೋಂಸ್ಟೇಗೆ, ಮನೆಗೆ ಎಂದು ಇಳಿಜಾರು ಕಡಿದದ್ದು 2018ರ ಕುಸಿತಗಳಿಗೆ ದೊಡ್ಡ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತ್ತು. ಇಷ್ಟಾದ ಮೇಲೂ ಬರೆ ಕಡಿದು ಕಟ್ಟಡ ಎಬ್ಬಿಸುವುದನ್ನು ಸುಮ್ಮನೆ ನೋಡುವ ಊರು ವರ್ಷವರ್ಷ ಆಗಸ್ಟ್‌ನಲ್ಲಿ ಕಣ್ಣೀರು ಹಾಕಿದರೆ ಅದನ್ನು ಶೋಕ ಎನ್ನಲು ಕಷ್ಟ.

ಆಗಸ್ಟ್ ಬಂದಾಗ ಜೋಡುಪಾಲದ ನೆನಪು ಮಾಡಿಕೊಳ್ಳುವ ಗ್ರಾಮ ಪಂಚಾಯಿತಿಗಳು ಆ ಕೆಲಸವನ್ನು ಮೇ ತಿಂಗಳ ಗ್ರಾಮಸಭೆಗೆ ಹಿಂದಕ್ಕೆ ತರಲಿ. ಆ ಗ್ರಾಮಸಭೆಯಲ್ಲಿ ಮೌನಾಚರಣೆಯ ಬಳಿಕ ಎರಡು ಕೆಲಸ ಆಗಲಿ. ಈ ವರ್ಷ ಹೊಸದಾಗಿ ಕಡಿದ ಬರೆಗಳ ಪಟ್ಟಿ, ಅವುಗಳ ಕೆಳಗಿರುವ ಲೈನ್ ಮನೆಗಳ ಸಮೇತ, ಎಲ್ಲರೆದುರು ಓದಲಿ. ಕುಸಿತದ ಸುದ್ದಿ ಬಂದೊಡನೆ ಹಾರೆ, ಗುದ್ದಲಿ ಹಿಡಿದು ಮೊದಲು ಓಡುವ ಊರಿನ ಹುಡುಗರನ್ನು ಮುಂದೆ ಕೂರಿಸಿ, ಗೋಫಾದಲ್ಲಿ ನಡೆದದ್ದನ್ನು ಅವರಿಗೆ ಹೇಳಲಿ.