ಕೊಳವೆಯೊಳಗಿನ ಲೋಳೆ: ಕೊಳ್ಳುವ ಮುನ್ನ ಪರೀಕ್ಷೆ

ಹಾಲು, ಪನೀರು, ಎಳನೀರು, ಕುಡಿಯುವ ನೀರು – ಇವುಗಳನ್ನು ಸಿದ್ಧಪಡಿಸುವ ನಮ್ಮ ಸದಸ್ಯರಿಗೆ ಒಂದು ಅನುಭವ ಸಾಮಾನ್ಯ. ತೊಟ್ಟಿ ತೊಳೆದಾಗಿದೆ, ಬ್ಲೀಚಿಂಗ್ ಪೌಡರ್ ಹಾಕಿಯಾಗಿದೆ. ಆದರೂ ಸರಕು ಅವಧಿಗೆ ಮೊದಲೇ ಕೆಟ್ಟು ಅಂಗಡಿಯಿಂದ ಹಿಂದಿರುಗುತ್ತದೆ. ಎಷ್ಟೋ ಸಲ ಇದರ ಮೂಲ ಕೊಳವೆಯ ತಿರುವಿನಲ್ಲಿ, ಹಳೆಯ ವಾಷರಿನ ಸಂದಿಯಲ್ಲಿ ಅಂಟಿದ ಲೋಳೆಪದರದಲ್ಲಿರುತ್ತದೆ. ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ನೆಲೆಸಿರುವ ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಕ್ಲೋರಿನ್ ಈ ಅಂಟಿನಲ್ಲಿಯೇ ವ್ಯಯವಾಗಿ, ಒಳಗಿನ ಜೀವಿಗಳು ಉಳಿದುಕೊಳ್ಳುತ್ತವೆ.

ಬ್ಯಾಕ್ಟೀರಿಯಾಗಳನ್ನೇ ಬೇಟೆಯಾಡುವ ಫೇಜ್ ಎಂಬ ವೈರಸ್‌ಗಳು ಅವುಗಳ ಗೋಡೆಯನ್ನು ಕಿಣ್ವಗಳಿಂದ ಕರಗಿಸುತ್ತವೆ. ಕೆಲವು ಫೇಜ್‌ಗಳ ಕಿಣ್ವಗಳು ಲೋಳೆಯನ್ನೂ ಕತ್ತರಿಸುತ್ತವೆ. ವೈರಸ್ಸನ್ನು ಬಿಟ್ಟು ಕಿಣ್ವವನ್ನಷ್ಟೇ ಬಳಸುವುದು ಹೊಸ ವಿಧಾನ. ನಮ್ಮ ನೆರೆಯ ಬೆಂಗಳೂರಿನಲ್ಲಿ ಡಾ. ಜೆ. ರಾಮಚಂದ್ರನ್ ಅವರು 2000ದಲ್ಲಿ ಸ್ಥಾಪಿಸಿದ ಗಂಗಾಜೆನ್ ಸಂಸ್ಥೆಯು ಪಿ128 ಎಂಬ ಇಂತಹ ಪ್ರೋಟೀನನ್ನು ರೂಪಿಸಿತು. ಅದು ಬಯೋಫಿಲ್ಮ್‌ನೊಳಗಿನ ಸ್ಟ್ಯಾಫಿಲೊಕಾಕಸ್‌ಗಳನ್ನೂ ಕೊಲ್ಲುತ್ತದೆಂಬ ಪ್ರಯೋಗಾಲಯದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಇದು ಹೆಮ್ಮೆಯ ಸಂಗತಿ. ಆದರೆ ಪಿ128 ರೋಗಿಗಳಿಗಾಗಿ ರೂಪಿಸಿದ್ದೇ ಹೊರತು ಕಾರ್ಖಾನೆಯ ಕೊಳವೆಗಲ್ಲ ಎಂಬುದನ್ನು ಮರೆಯಬಾರದು. ಇಂತಹ ಕಿಣ್ವಗಳ ಗುಣವೇ ಅವುಗಳ ಮಿತಿ: ಬೀಗಕ್ಕೆ ತಕ್ಕ ಕೀಲಿಯಂತೆ ಅವು ತಮಗೆ ಒಗ್ಗುವ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ. ನಮ್ಮ ಕೊಳವೆಗಳಲ್ಲಿರುವುದೋ ಹಲವು ಜಾತಿಗಳ ಸಂತೆ. ಮೇಲಾಗಿ ಕಿಣ್ವವು ಪ್ರೋಟೀನ್. ಕುದಿನೀರು, ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪೌಡರ್ ಇವುಗಳೊಡನೆ ಬೆರೆತರೆ ಶಕ್ತಿಗುಂದುತ್ತದೆ. ಆದುದರಿಂದ 'ಎನ್‌ಜೈಮ್' ಎಂಬ ಚೀಟಿ ಅಂಟಿಸಿದ ದ್ರಾವಣವನ್ನು ಯಾರಾದರೂ ತಂದಾಗ, ಯಾವ ಕಿಣ್ವ, ಯಾವ ಜೀವಿಯ ಮೇಲೆ, ಆಹಾರ ಘಟಕದಲ್ಲಿ ಬಳಸಲು ಅನುಮತಿ ಇದೆಯೇ ಎಂದು ಕೇಳಿಯೇ ಹಣ ಕೊಡುವುದು ಲೇಸು.

ಮೊದಲು ಬೇಕಾದುದು ನಮ್ಮ ಶತ್ರು ಯಾರೆಂಬ ಅರಿವು. ದೊಡ್ಡ ಘಟಕಗಳು ಸ್ವಂತ ಪ್ರಯೋಗಾಲಯ ಇಟ್ಟುಕೊಳ್ಳಬಲ್ಲವು. ಗುಬ್ಬಿಯಲ್ಲಿ ತೆಂಗಿನ ಪದಾರ್ಥ, ಕುಣಿಗಲ್‌ನಲ್ಲಿ ಪನೀರು ಮಾಡುವ ಚಿಕ್ಕ ಉದ್ದಿಮೆದಾರರಿಗೆ ಅದು ನಿಲುಕದ ಮಾತು. ನಮ್ಮ ಸಂಸ್ಥೆಯು ತುಮಕೂರು ವಿಶ್ವವಿದ್ಯಾನಿಲಯದೊಡನೆ ಮಾತುಕತೆ ನಡೆಸಿ, ಸದಸ್ಯರು ಕಳುಹಿಸುವ ಕೊಳವೆ ಮಾದರಿಗಳನ್ನು ಮಿತದರದಲ್ಲಿ ಪರೀಕ್ಷಿಸುವ ವ್ಯವಸ್ಥೆ ಮಾಡಬೇಕೆಂಬುದು ನನ್ನ ಸಲಹೆ. ಅಲ್ಲಿಯವರೆಗೆ ಬಿರುಕುಬಿಟ್ಟ ವಾಷರ್ ಬದಲಾಯಿಸಿ, ಕೊಳವೆಯ ಜೋಡಣೆಗಳನ್ನು ಬಿಚ್ಚಿ ಬ್ರಷ್‌ನಿಂದ ಉಜ್ಜಿ, ಅನಂತರವೇ ಕ್ಲೋರಿನ್ ಹಾಯಿಸೋಣ. ನಾಳೆ ಕಿಣ್ವ ಬಂದರೂ ಈ ಶಿಸ್ತು ತಪ್ಪದು.