ಗಣಕ ನಮ್ಮದು, ಕೀಲಿಕೈ ಯಾರದು?

ಬೆಂಗಳೂರಿನಲ್ಲಿ ಗಣಕದ ಮುಂದೆ ಕುಳಿತ ಕನ್ನಡದ ತಮ್ಮಂದಿರೇ, ತಂಗಿಯರೇ, ಒಂದು ಗಳಿಗೆ ಇತ್ತ ಕೇಳಿ!

ನಾನು ರೋಣದಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಮೊನ್ನೆ ಲಗ್ನಪತ್ರಿಕೆಯ ಆರ್ಡರ್ ಹಿಡಿಯಲು ಗಜೇಂದ್ರಗಡಕ್ಕೆ ಹೋಗಿದ್ದೆ. ಅಲ್ಲಿಂದಲೇ ಲ್ಯಾಪ್‌ಟಾಪ್‌ನಲ್ಲಿ ಪ್ರೆಸ್ಸಿನ ಗಣಕ ತೆರೆದು ಕೆಲಸ ನೋಡುವುದು ನನ್ನ ರೂಢಿ. ಹೊಸ ಯಂತ್ರ ಸ್ಕ್ಯಾನ್ ಮಾಡಿದ್ದು ಗಣಕಕ್ಕೆ ಬರಬೇಕಾದರೆ ಅದರ ಐಪಿ ವಿಳಾಸ ಸ್ಥಿರವಾಗಿರಬೇಕಂತೆ. ಸಹಾಯವಾಣಿಯವನು ಹಿಂದಿಯಲ್ಲಿ ಅಂಕಿ ಹೇಳುತ್ತಾ ಹೋದ. ಸೊನ್ನೆ ಇರಬೇಕಾದಲ್ಲಿ ನಾನು ಒಂದು ಹೊಡೆದು ಓಕೆ ಒತ್ತಿದೆ. ಸಂಪರ್ಕವೇ ಕಡಿದುಹೋಯಿತು! ಕುಳಿತ ಕೊಂಬೆಯನ್ನೇ ಕಡಿದುಕೊಂಡಿದ್ದೆ. ಮರುದಿನ ಕೊಡಬೇಕಾದ ಪತ್ರಿಕೆಗಳೆಲ್ಲ ಆ ಗಣಕದೊಳಗೆ.

ಬಸ್ ಹಿಡಿದು ರೋಣಕ್ಕೆ ಬಂದೆ. ಪರದೆಯ ಮೇಲೆ ಇಂಗ್ಲಿಷ್. ಮತ್ತೆ ಫೋನ್ ಮಾಡಿದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ? ಕನ್ನಡಕ್ಕೆ ಹಣೆ ಹಣೆ ಒತ್ತಿಕೊಳ್ಳಬೇಕು!

ಕೊನೆಗೆ ಕೈ ಹಿಡಿದವನು ನರಗುಂದದ ಒಬ್ಬ ಹುಡುಗ. "ಕಾಕಾ, ಮೊದಲ ಮೂರು ಅಂಕಿ ಓಣಿ ಇದ್ದಂಗ, ಕಡೀದು ಮನಿ ನಂಬರ್. ನಿಮ್ಮ ರೌಟರ್ 192.168.0 ಓಣ್ಯಾಗ ಐತಿ. ನೀವು ಗಣಕಾನ 192.168.1 ಓಣಿಗೆ ಕಳಿಸೀರಿ. ಇನ್ನ ಹೊರಗಿನ ದಾರಿ ಹೆಂಗ ಸಿಗತೈತಿ?" ಎಂದ. ನೆಟ್‌ವರ್ಕ್ ಸೆಟ್ಟಿಂಗ್ ತೆರೆಸಿ, ವಿಳಾಸ ತಾನಾಗಿಯೇ ಪಡೆಯುವಂತೆ ಮಾಡಿಸಿದ. ಹತ್ತು ನಿಮಿಷ, ಕೆಲಸ ಮುಗಿಯಿತು. "ದೂರದಾಗ ಕುಂತು ಇದನ್ನ ಮುಟ್ಟಬ್ಯಾಡ್ರಿ. ಮುಟ್ಟೂ ಮೊದಲು ಹಳೇ ಅಂಕಿ ಹಾಳಿ ಮ್ಯಾಲೆ ಬರಕೊಳ್ರಿ" ಎಂದೂ ಹೇಳಿದ.

ನೋಡಿದಿರಾ? ನನಗೆ ಇಲ್ಲದ್ದು ಬುದ್ಧಿಯಲ್ಲ, ನನ್ನ ಭಾಷೆಯಲ್ಲಿ ಹೇಳುವವರು!

ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಕೆ. ಪಿ. ರಾವ್ ಕೀಲಿಮಣೆ ಕೊಟ್ಟರು. ವಿಂಡೋಸ್‌ಗೂ ಕನ್ನಡದ ಭಾಷಾ ಪ್ಯಾಕ್ ಇದೆ. ಎಲ್ಲ ಕಡೆ ಕನ್ನಡ ಬಾರದಿದ್ದರೂ ಬಹಳಷ್ಟು ಬರುತ್ತದೆ. ಆದರೆ ಗಣಕ ಮಾರುವ ಯಾವ ಅಂಗಡಿಯವನು ಅದನ್ನು ಹಾಕಿಕೊಡುತ್ತಾನೆ? ಕೇಳದ ನಮ್ಮ ತಪ್ಪೂ ಇದೆ. ನಾನೂ ಕೇಳಿರಲಿಲ್ಲ, ನಾಚಿಕೆಯಿಂದಲೇ ಹೇಳುತ್ತೇನೆ.

1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ಕಾಲುವೆಯ ಕರದ ವಿರುದ್ಧ ಸಿಡಿದೆದ್ದರು. ನೀರು ಮುಟ್ಟದ ಹೊಲಕ್ಕೆ ಕರ ಏಕೆ ಎಂಬುದು ಅವರ ಸಿಟ್ಟು. ನಮ್ಮದೂ ಅದೇ ಸಿಟ್ಟು. ಪೂರ್ತಿ ದುಡ್ಡು ಎಣಿಸಿದ ಗಿರಾಕಿಗೆ ಕನ್ನಡದ ಸೇವೆ ಏಕಿಲ್ಲ?

ಕರ್ನಾಟಕದಲ್ಲಿ ಮಾರುವ ಗಣಕಕ್ಕೆ ಕನ್ನಡ ಹಾಕಿಯೇ ಕೊಡಲಿ. ಸಹಾಯವಾಣಿಯಲ್ಲಿ ಕನ್ನಡಕ್ಕೆ ಮೊದಲ ಗುಂಡಿ ಇರಲಿ. ತಮ್ಮಂದಿರೇ, ನಿಮಗೆ ಗೊತ್ತಿರುವುದನ್ನು ಒಂದೊಂದೇ ಹಾಳೆಯಲ್ಲಿ ತಿಳಿಗನ್ನಡದಲ್ಲಿ ಬರೆದು ಕಳಿಸಿ. ಅಚ್ಚು ಹಾಕಿ ಊರೂರಿಗೆ ಹಂಚಲು ನನ್ನ ಪ್ರೆಸ್ ಸಿದ್ಧವಿದೆ.

ಬಾಗಿಲು ನಮ್ಮದು, ಬೀಗ ನಮ್ಮದು. ಕೀಲಿಕೈಯೂ ಕನ್ನಡದ್ದೇ ಆಗಲಿ!