ವಿದ್ಯಾಮಂದಿರದಲ್ಲಿ ಪಂಕ್ತಿಭೇದ

ಪಂಕ್ತಿಭೇದವೆಂಬ ಮಾತು ಕಿವಿಗೆ ಬಿದ್ದೊಡನೆ ಹಿರಿಯರಿಗೆ ಹಿಂದಿನ ಕಾಲದ ಊಟದ ಸಾಲುಗಳು ನೆನಪಾಗುತ್ತವೆ. ಅದೆಲ್ಲ ಮುಗಿದುಹೋದ ಕಥೆಯೆಂಬುದು ಪಟ್ಟಣದ ವಿದ್ಯಾವಂತ ಕುಟುಂಬಗಳ ನಂಬಿಕೆ. ಆದರೆ ಆ ಕುಟುಂಬಗಳ ಮಕ್ಕಳೇ ಓದುವ ಎಷ್ಟೋ ಕಾಲೇಜುಗಳ ಹಾಸ್ಟೆಲಿನಲ್ಲಿ, ಹೊಸದಾಗಿ ಬಂದ ಹುಡುಗನು ಹಾಸಿಗೆ ಬಿಚ್ಚುವ ಮೊದಲೇ ಎದುರಿಸುವ ಪ್ರಶ್ನೆಯೊಂದುಂಟು: “ನಿನ್ನ ರ್‍ಯಾಂಕ್ ಎಷ್ಟು?” ಕೇಳುವುದಕ್ಕೆ ಅದು ನಿರಪಾಯವಾದ ಪ್ರಶ್ನೆಯೇ. ಉತ್ತರ ಬಂದ ಮೇಲೆ ಊಟದ ಮೇಜಿನಲ್ಲಿ ಯಾರ ಪಕ್ಕದ ಕುರ್ಚಿ ಬರಿದಾಗಿ ಉಳಿಯಿತೆಂಬುದನ್ನು ಗಮನಿಸಿದರೆ ಮಾತ್ರ, ಕೇಳಿದವರಿಗೆ ನಿಜವಾಗಿ ಬೇಕಾಗಿದ್ದದ್ದು ಅಂಕವಲ್ಲ, ಜಾತಿ ಎಂಬುದು ಅರ್ಥವಾಗುತ್ತದೆ.

ಇದು ಕಲ್ಪನೆಯ ಮಾತಲ್ಲ. ೨೦೦೬ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ ಇಂಥ ದೂರುಗಳು ಕೇಳಿಬಂದಾಗ, ಕೇಂದ್ರ ಸರ್ಕಾರವು ಪ್ರೊಫೆಸರ್ ಸುಖದೇವ ಥೋರಾಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿಯು ೨೦೦೭ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳು ಕಿರುಕುಳವನ್ನು ತಾಳಲಾರದೆ ತಮ್ಮ ಕೊಠಡಿಗಳನ್ನು ಬಿಟ್ಟು, ಹಾಸ್ಟೆಲಿನ ಕೆಲವೇ ಮಹಡಿಗಳಲ್ಲಿ ಒತ್ತಟ್ಟಿಗೆ ಸೇರಿಕೊಂಡಿದ್ದರು. ಹಾಗೆ ಮಾಡಿರೆಂದು ಯಾರೂ ಆಜ್ಞೆ ಹೊರಡಿಸಿರಲಿಲ್ಲ; ಯಾರೂ ಗೋಡೆ ಕಟ್ಟಿರಲಿಲ್ಲ. ಆದರೂ ಊರ ಹೊರಗಿನ ಕೇರಿಯು ದೇಶದ ಅತ್ಯುನ್ನತ ವೈದ್ಯ ವಿದ್ಯಾಲಯದ ಮಹಡಿಯ ಮೇಲೆ ಬಂದು ನೆಲೆಸಿತ್ತು.

೨೦೧೨ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಸಮಾನತೆಯ ಸಂಬಂಧವಾಗಿ ನಿಯಮಗಳನ್ನು ಹೊರಡಿಸಿತು. ಅವುಗಳಲ್ಲಿ ಮೆಚ್ಚತಕ್ಕ ಅಂಶವೆಂದರೆ, ಸಣ್ಣವೆಂದು ತೋರುವ ನಡತೆಗಳನ್ನೂ ಕಡೆಗಣಿಸದಿರುವುದು. ತರಗತಿಯಲ್ಲಿ ವಿದ್ಯಾರ್ಥಿಯ ಜಾತಿಯನ್ನು ಎಲ್ಲರೆದುರು ಹೇಳುವುದು, ‘ಮೀಸಲಾತಿಯವನು’ ಎಂದು ಗುರುತಿಟ್ಟು ಕರೆಯುವುದು, ಓದಿನಲ್ಲಿ ಹಿಂದೆ ಬಿದ್ದರೆ ಜಾತಿಯೇ ಕಾರಣವೆಂದು ಹಂಗಿಸುವುದು, ಪ್ರಯೋಗಶಾಲೆಯೊಳಕ್ಕೆ ಬಿಟ್ಟೂ ಕೆಲಸ ಕೊಡದೆ ಸುಮ್ಮನೆ ನಿಲ್ಲಿಸುವುದು, ಹಾಸ್ಟೆಲಿನಲ್ಲಿಯೂ ಊಟದ ಮನೆಯಲ್ಲಿಯೂ ಬೇರ್ಪಡಿಸುವುದು—ಇವೆಲ್ಲವೂ ತಾರತಮ್ಯವೇ ಎಂದು ಅವು ಸ್ಪಷ್ಟಪಡಿಸಿದವು. ಪ್ರತಿಯೊಂದು ಸಂಸ್ಥೆಯಲ್ಲಿಯೂ ಸಮಾನಾವಕಾಶ ಘಟಕವಿರಬೇಕು, ತಾರತಮ್ಯವನ್ನು ತಡೆಯಲು ಒಬ್ಬ ಅಧಿಕಾರಿಯಿರಬೇಕು, ದೂರು ೬೦ ದಿನಗಳೊಳಗೆ ತೀರ್ಮಾನವಾಗಬೇಕು ಎಂದೂ ವಿಧಿಸಿದವು.

ನಿಯಮ ಬಂದಿತು, ನೋವು ನಿಲ್ಲಲಿಲ್ಲ. ಹೈದರಾಬಾದ್ ವಿಶ್ವವಿದ್ಯಾನಿಲಯದ ಹಾಸ್ಟೆಲಿನಿಂದ ಹೊರಹಾಕಲ್ಪಟ್ಟಿದ್ದ ಐವರು ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬನಾದ ರೋಹಿತ್ ವೇಮುಲ ೨೦೧೬ರ ಜನವರಿ ೧೭ರಂದು ತೀರಿಕೊಂಡನು. ಮುಂಬಯಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದ, ಆದಿವಾಸಿ ಸಮುದಾಯದ ವೈದ್ಯೆ ಪಾಯಲ್ ತಡ್ವಿ ೨೦೧೯ರ ಮೇ ೨೨ರಂದು ತೀರಿಕೊಂಡಳು. ಅದೇ ವರ್ಷ ರೋಹಿತನ ತಾಯಿ ರಾಧಿಕಾ, ಪಾಯಲಳ ತಾಯಿ ಆಬೇದಾ ಇಬ್ಬರೂ ಜೊತೆಗೂಡಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ, ಕಾಗದದ ಮೇಲಿನ ನಿಯಮಗಳನ್ನು ನಡೆಯುವ ನಿಯಮಗಳನ್ನಾಗಿ ಮಾಡಿಸಬೇಕೆಂದು ಬೇಡಿದರು. ೨೦೨೬ರ ಜನವರಿಯಲ್ಲಿ ಆಯೋಗವು ಹೊಸ ನಿಯಮಗಳನ್ನು ಪ್ರಕಟಿಸಿತು. ಅವುಗಳ ವಿರುದ್ಧ ಪ್ರತಿಭಟನೆಗಳೆದ್ದವು. ಅದೇ ತಿಂಗಳು ನ್ಯಾಯಾಲಯವು ಅವನ್ನು ತಡೆಹಿಡಿದು, ಸದ್ಯಕ್ಕೆ ೨೦೧೨ರ ನಿಯಮಗಳೇ ನಡೆಯಲೆಂದು ಹೇಳಿತು.

ನಿಯಮ ಯಾವುದೇ ಇರಲಿ, ಅದು ಸೋಲುವ ಸ್ಥಳ ಪ್ರಾಚಾರ್ಯರ ಕೊಠಡಿ. ದೂರು ಕೈಗೆ ಬಂದೊಡನೆ ಆಡಳಿತದವರಿಗೆ ಮೊದಲು ನೆನಪಾಗುವುದು ಸಂಸ್ಥೆಯ ಹೆಸರೇ ಹೊರತು ಎದುರಿಗೆ ನಿಂತ ವಿದ್ಯಾರ್ಥಿಯ ಮುಖವಲ್ಲ. “ಹೋಗಲಿ ಬಿಡಪ್ಪಾ, ಹುಡುಗರು ತಮಾಷೆಗೆ ಅಂದಿರಬೇಕು. ನೀನು ಓದಿನ ಕಡೆ ಗಮನ ಕೊಡು” ಎಂಬ ಬುದ್ಧಿವಾದ ದೊರೆಯುತ್ತದೆ. ಹೆಚ್ಚೆಂದರೆ ಕೊಠಡಿ ಬದಲಾಗುತ್ತದೆ. ಅದೂ ಅಂದವನದಲ್ಲ, ಅನ್ನಿಸಿಕೊಂಡವನದು! ಮೇಷ್ಟರ ಮೇಲೆಯೇ ದೂರಾದರೆ ಕಷ್ಟ ಇಮ್ಮಡಿ. ಮೌಖಿಕ ಪರೀಕ್ಷೆಯ ಅಂಕ ಅವರ ಲೇಖನಿಯ ತುದಿಯಲ್ಲಿರುವಾಗ ಯಾವ ವಿದ್ಯಾರ್ಥಿ ಬಾಯಿ ಬಿಟ್ಟಾನು? ದೂರುಗಳೇ ಬಂದಿಲ್ಲವೆಂದು ಹೆಮ್ಮೆಪಡುವ ಕಾಲೇಜು, ದೂರು ಕೊಡುವ ಧೈರ್ಯ ಯಾರಿಗಾದರೂ ಇದೆಯೇ ಎಂದು ಮೊದಲು ವಿಚಾರಿಸಬೇಕು.

ಮಾಡಬೇಕಾದ ಕೆಲಸ ಅಸಾಧ್ಯವೇನಲ್ಲ. ಬಂದ ದೂರನ್ನು ಅಂದೇ ಬರೆದುಕೊಂಡು, ತಾರೀಖು ಹಾಕಿ, ಪ್ರತಿಯನ್ನು ವಿದ್ಯಾರ್ಥಿಯ ಕೈಗೆ ಕೊಡುವುದು. ಆಪಾದಿತ ಅಧ್ಯಾಪಕರಿಂದ ಆ ವಿದ್ಯಾರ್ಥಿಯ ಅಂಕಗಳನ್ನು ಬೇರೆಯವರಿಗೆ ವಹಿಸುವುದು. ಹೊರಗಿನ ನಿಷ್ಪಕ್ಷಪಾತಿಯೊಬ್ಬರನ್ನು ವಿಚಾರಣೆಗೆ ಕೂಡಿಸುವುದು. ಆಪಾದಿತನಿಗೂ ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶವಿರಬೇಕು. ಒಂದು ಪಕ್ಷವನ್ನಷ್ಟೇ ಕೇಳಿ ಕೊಟ್ಟ ತೀರ್ಪನ್ನು ಮತ್ತೊಂದು ಪಕ್ಷ ನಂಬುವುದಿಲ್ಲ. ಅರಿಯದೆ ಆಡಿದ ಮಾತಿಗೆ ತಿಳಿವಳಿಕೆ ಸಾಕು; ಪದೇ ಪದೇ ನೋಯಿಸಿದವನಿಗೆ ಶಿಕ್ಷೆಯೇ ತಕ್ಕದ್ದು. ಹಾಸ್ಟೆಲಿನ ಕೊಠಡಿಗಳನ್ನು ಚೀಟಿ ಎತ್ತಿ ಹಂಚಿದರೆ, ಯಾರು ಯಾರ ಜೊತೆ ಇರಬೇಕೆಂಬ ಆಯ್ಕೆಯೇ ಉಳಿಯುವುದಿಲ್ಲ.

ಇಷ್ಟಾದರೂ ಕಾಲೇಜೊಂದರ ಮೇಲೆಯೇ ಹೊರೆ ಹೊರಿಸುವುದು ನ್ಯಾಯವಲ್ಲ. ಹದಿನೆಂಟರ ಹುಡುಗನು ಈ ಪಾಠವನ್ನು ಹಾಸ್ಟೆಲಿಗೆ ಬಂದ ಮೇಲೆ ಕಲಿತವನಲ್ಲ. ತಾಯಿಯು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಗಳ ನಡುವೆ, ಮನೆಯ ಜಗಲಿಯಲ್ಲಿ ಸೀಟು ಹಂಚಿಕೆಯ ಬಗೆಗೆ ನೆರೆಹೊರೆಯವರು ಆಡಿದ ಮಾತುಗಳೂ ಸೇರಿರುತ್ತವೆ. “ಕೊಠಡಿಯಲ್ಲಿ ಜೊತೆಗಿರುವವರು ಯಾವ ಪೈಕಿ?” ಎಂದು ಫೋನಿನಲ್ಲಿ ಕೇಳುವ ತಂದೆಯ ದನಿಯನ್ನು ಪಕ್ಕದ ಮಂಚದ ಹುಡುಗನೂ ಕೇಳಿಸಿಕೊಂಡಿರುತ್ತಾನೆ.

ರಜೆಗೆ ಮನೆಗೆ ಬಂದ ಮಗನನ್ನು ಈ ಸಲ ತಂದೆತಾಯಿಗಳು ಬೇರೆಯೊಂದು ಪ್ರಶ್ನೆ ಕೇಳಬಹುದು: ಊಟದ ಮನೆಯಲ್ಲಿ ಒಬ್ಬನೇ ಕುಳಿತು ಉಣ್ಣುವ ಹುಡುಗ ಯಾರಾದರೂ ಇದ್ದಾನೆಯೇ? ಇದ್ದರೆ, ಅವನ ಪಕ್ಕದ ಕುರ್ಚಿಯಲ್ಲಿ ಹೋಗಿ ಕುಳಿತುಕೊಳ್ಳುವುದಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಕಾಗಿಲ್ಲ.